ಗೀಸರ್‌ನ ಸ್ಮಾರ್ಟ್ ಥರ್ಮೋಸ್ಟಾಟ್ ವೈಫೈಗೆ ಸೇರುತ್ತಿಲ್ವಾ? ರೀಸೆಟ್ ಒತ್ತುವ ಮೊದಲು ಇದನ್ನು ಓದಿ

ಧನುರ್ಮಾಸದಲ್ಲಿ ಅಮ್ಮನ ಸ್ನಾನ ಬೆಳಗಿನ ಜಾವ ನಾಲ್ಕೂವರೆಗೆಲ್ಲ ಮುಗಿದಿರಬೇಕು. ಹುಗ್ಗಿ ಬೇಯಿಸಿ, ಸೂರ್ಯ ಹುಟ್ಟುವ ಮೊದಲು ನೈವೇದ್ಯ ಆಗಬೇಕಲ್ಲ. ಹನುಮಂತನಗರದ ಮನೆಯ ಮೇಲೆ ಸೋಲಾರ್ ಇದೆ. ಆದರೆ ಡಿಸೆಂಬರ್‌ನಲ್ಲಿ ಎರಡು ದಿನ ಮೋಡ ಕವಿದರೆ ಬೆಳಗ್ಗೆ ಅದರ ನೀರು ಉಗುರುಬೆಚ್ಚಗಿದ್ದರೆ ಹೆಚ್ಚು. ಅದಕ್ಕೇ ಬಚ್ಚಲುಮನೆಯ ಗೀಸರ್‌ಗೆ ವೈಫೈ ಇರುವ ಥರ್ಮೋಸ್ಟಾಟ್ ಹಾಕಿಸಿದ್ದೆ. ನಾಲ್ಕು ಗಂಟೆಗೆ ತಾನೇ ಆನ್ ಆಗುತ್ತದೆ, ನೀರು 55 ಡಿಗ್ರಿಗೆ ಬಂದರೆ ತಾನೇ ನಿಲ್ಲುತ್ತದೆ, ನಾನು ವೈಟ್‌ಫೀಲ್ಡ್‌ನಲ್ಲಿದ್ದುಕೊಂಡೇ ಫೋನಿನಲ್ಲಿ ನೋಡಬಹುದು. ಎರಡು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಹೋದ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಅಮ್ಮನ ಫೋನ್ ಬಂತು. "ನೀರು ಕಾದೇ ಇಲ್ಲ ಕಣೋ. ತಣ್ಣೀರಲ್ಲೇ ಸ್ನಾನ ಮಾಡ್ಕೊಂಡೆ. ಅದೇನೋ ಕೆಂಪು ಲೈಟು ಪಿಳಿಪಿಳಿ ಅಂತಿದೆ, ನಾನು ಮುಟ್ಟೋಕೆ ಹೋಗಲಿಲ್ಲ."

ಎಪ್ಪತ್ತು ದಾಟಿದವರು ಆ ಚಳಿಯಲ್ಲಿ ತಣ್ಣೀರು ಸುರಿದುಕೊಂಡರು ಅನ್ನೋದು ನನಗೆ ಇಡೀ ದಿನ ಕೊರೆಯಿತು. ಸಂಜೆ ಆಫೀಸಿನಿಂದ ನೇರ ಅಲ್ಲಿಗೇ ಹೋದೆ. ಹೋಗುವಷ್ಟರಲ್ಲಿ ಭಾವ ಸ್ಟೂಲ್ ಮೇಲೆ ಹತ್ತಿ ರೀಸೆಟ್ ಗುಂಡಿಯ ಮೇಲೆ ಬೆರಳಿಟ್ಟಿದ್ದರು. "ಭಾವ, ಒಂದ್ನಿಮಿಷ ತಡೀರಿ" ಅಂದೆ.

ತಡೆದಿದ್ದಕ್ಕೆ ಕಾರಣ ಇದೆ. ರೀಸೆಟ್ ಮಾಡಿದರೆ ಯಂತ್ರದೊಳಗೆ ಉಳಿದಿರುವ ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿಹೋಗುತ್ತವೆ. ಎಷ್ಟೋ ಸಲ ಟೈಮಿಂಗ್‌ಗಳೂ ಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ದೋಷ ಎಲ್ಲಿದೆ ಎಂದು ಹೇಳುವ ಗುರುತೇ ಹೋಗುತ್ತದೆ. ರೂಟರ್ ರೀಸೆಟ್ ಮಾಡಿದರಂತೂ ಮನೆಯ ಟಿವಿ, ಕ್ಯಾಮೆರಾ, ಫೋನು ಎಲ್ಲವನ್ನೂ ಮತ್ತೆ ಸೇರಿಸುತ್ತಾ ಕೂರಬೇಕು.

ಎಲ್ಲಿ ಕಳಚಿದೆ ಎಂದು ಮೊದಲು ಗೊತ್ತಾಗಲಿ

ಆಪ್‌ನಲ್ಲಿ 'ಆಫ್‌ಲೈನ್' ಎಂದು ಬಂದರೆ ಯಂತ್ರ ಕೆಟ್ಟಿದೆ ಅಂತ ಅರ್ಥವಲ್ಲ. ಇದರಲ್ಲಿ ಮೂರು ಕೊಂಡಿಗಳಿವೆ. ಥರ್ಮೋಸ್ಟಾಟ್‌ನಿಂದ ರೂಟರ್‌ಗೆ ಒಂದು. ರೂಟರ್‌ನಿಂದ ಇಂಟರ್ನೆಟ್ ದಾಟಿ ಕಂಪನಿಯ ಸರ್ವರ್‌ಗೆ ಇನ್ನೊಂದು. ಆ ಸರ್ವರ್‌ನಿಂದ ನಿಮ್ಮ ಕೈಯಲ್ಲಿರುವ ಆಪ್‌ಗೆ ಮೂರನೆಯದು. ಯಾವುದು ಕಳಚಿದರೂ ಆಪ್ ತೋರಿಸುವುದು ಅದೇ ಒಂದು ಪದ.

ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈನಲ್ಲೇ ಯಾವುದಾದರೂ ಪೇಜ್ ತೆರೆಯಿರಿ. ತೆರೆದರೆ ರೂಟರ್‌ಗೆ ಇಂಟರ್ನೆಟ್ ಬರುತ್ತಿದೆ. ಆಮೇಲೆ ಬ್ರೌಸರ್‌ನಲ್ಲಿ ರೂಟರ್‌ನ ಪುಟಕ್ಕೆ ಹೋಗಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ, ರೂಟರ್ ತಿರುಗಿಸಿ ನೋಡಿದರೆ ಕೆಳಗಿನ ಸ್ಟಿಕ್ಕರ್‌ನಲ್ಲಿ ವಿಳಾಸ, ಪಾಸ್‌ವರ್ಡ್ ಎರಡೂ ಬರೆದಿರುತ್ತವೆ. ಅಲ್ಲಿ ಯಾವ್ಯಾವ ಸಾಧನ ಸೇರಿದೆ ಎನ್ನುವ ಪಟ್ಟಿ ಇರುತ್ತದೆ. ಇಂಥ ಅಗ್ಗದ ವೈಫೈ ಸಾಧನಗಳಲ್ಲಿ ಬಹಳಷ್ಟು ಕಡೆ ಎಸ್‌ಪ್ರೆಸಿಫ್ ಕಂಪನಿಯ ಚಿಪ್ ಇರುವುದರಿಂದ ಪಟ್ಟಿಯಲ್ಲಿ 'ಇಎಸ್‌ಪಿ' ಎಂದು ಶುರುವಾಗುವ ಹೆಸರು ಕಂಡರೆ ಅದೇ ನಿಮ್ಮ ಗೀಸರ್ ಇರಬಹುದು. ಪಟ್ಟಿಯಲ್ಲಿ ಇದ್ದೂ ಆಪ್‌ನಲ್ಲಿ ಆಫ್‌ಲೈನ್ ಎಂದಿದ್ದರೆ ದೋಷ ಆಚೆ ಕಡೆ, ಅಂದರೆ ಇಂಟರ್ನೆಟ್, ಸರ್ವರ್ ಅಥವಾ ಆಪ್‌ನಲ್ಲಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಮೊದಲನೇ ಕೊಂಡಿ ಕಳಚಿದೆ. ನಮ್ಮ ಮನೆಯಲ್ಲಿ ಇರಲಿಲ್ಲ.

ಲೈಟನ್ನೂ ನೋಡಿ. ನಾನು ಕೈಯಲ್ಲಿ ಹಿಡಿದ ಹೆಚ್ಚಿನವುಗಳಲ್ಲಿ ಬೇಗ ಬೇಗ ಮಿನುಗಿದರೆ ಅದು ಹೊಸದಾಗಿ ಸೇರಿಸಲು ಕಾಯುತ್ತಿದೆ, ಅಂದರೆ ಹಳೆಯ ಹೆಸರು ಮರೆತಿದೆ. ನಿಮ್ಮದರಲ್ಲಿ ಬೇರೆ ಥರ ಇದ್ದರೆ ಡಬ್ಬಿಯೊಳಗಿನ ಚೀಟಿ ನೋಡಿ. ಲೈಟೇ ಇಲ್ಲದಿದ್ದರೆ ವೈಫೈ ವಿಚಾರ ಬಿಡಿ, ಬೋರ್ಡಿನಲ್ಲಿ ಎಂಸಿಬಿ (ತಾನೇ ಬೀಳುವ ಟ್ರಿಪ್ ಸ್ವಿಚ್) ನೋಡಿ, ಎಲೆಕ್ಟ್ರಿಷಿಯನ್‌ನ ಕರೆಯಿರಿ. ನೀವೇ ಕವರ್ ಬಿಚ್ಚಬೇಡಿ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನದು 13. ಒದ್ದೆ ಬಚ್ಚಲಲ್ಲಿ ಅದರ ಜೊತೆ ಆಟ ಬೇಡ. ಹಾಗೆಯೇ ಗೀಸರ್‌ಗೆ 16 ಆಂಪಿಯರ್‌ನ ಸಾಧನವೇ ಬೇಕು, ಲೈಟು ಫ್ಯಾನಿಗೆ ಹಾಕುವ 6 ಆಂಪಿಯರ್ ಸ್ಮಾರ್ಟ್ ಪ್ಲಗ್ ಯಾವತ್ತೂ ಬೇಡ.

ಹಾಟ್‌ಸ್ಪಾಟ್ ಪರೀಕ್ಷೆ

ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ಒಂದು ಫೋನಿನಲ್ಲಿ ಮೊಬೈಲ್ ಡೇಟಾ ಮತ್ತೆ ಆನ್ ಮಾಡಿ ಹಾಟ್‌ಸ್ಪಾಟ್ ಶುರು ಮಾಡಿ, ಅದಕ್ಕೆ ಥರ್ಮೋಸ್ಟಾಟ್ ಸೇರಿದ್ದ ವೈಫೈನ ಹೆಸರನ್ನೇ, ಪಾಸ್‌ವರ್ಡನ್ನೇ ಇಡಿ. ಒಂದಕ್ಷರ, ಒಂದು ಸ್ಪೇಸ್ ಕೂಡ ಆಚೀಚೆ ಆಗಬಾರದು. ದೊಡ್ಡಕ್ಷರ ಸಣ್ಣಕ್ಷರ ಹೇಗಿತ್ತೋ ಹಾಗೇ ಇರಲಿ. ಮನೆಯ ರೂಟರ್ ಆಫ್ ಮಾಡಿ, ಫೋನನ್ನು ಬಚ್ಚಲಿಗೆ ತೆಗೆದುಕೊಂಡು ಹೋಗಿ ಗೀಸರ್ ಹತ್ತಿರ ಒಣಗಿದ ಜಾಗದಲ್ಲಿಡಿ. ಎರಡು ನಿಮಿಷ ಕಾಯಿರಿ.

ಯಂತ್ರಕ್ಕೆ ರೂಟರ್ ಬದಲಾಗಿದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾದದ್ದು ಹೆಸರು ಮತ್ತು ಪಾಸ್‌ವರ್ಡ್ ಮಾತ್ರ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ (ವೈಫೈ ಓಡುವ ರೇಡಿಯೋ ಅಲೆ) 2.4 ಗಿಗಾಹರ್ಟ್ಜ್, ಸೆಕ್ಯುರಿಟಿ (ವೈಫೈಗೆ ಹಾಕುವ ಬೀಗದ ಬಗೆ) ಡಬ್ಲ್ಯೂಪಿಎ2 ಆರಿಸಿ. ಐಫೋನ್‌ನಲ್ಲಿ ಫೋನಿನ ಹೆಸರೇ ಹಾಟ್‌ಸ್ಪಾಟ್ ಹೆಸರಾಗಿರುತ್ತದೆ, ಅದನ್ನು ಬದಲಾಯಿಸಿ. ಐಫೋನ್ 12 ಮತ್ತು ಆಮೇಲಿನದಾದರೆ ಹಾಟ್‌ಸ್ಪಾಟ್ ಪುಟದಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬುದನ್ನು ಆನ್ ಮಾಡಲೇಬೇಕು, ಇಲ್ಲದಿದ್ದರೆ ಅದು 5 ಗಿಗಾಹರ್ಟ್ಜ್‌ನಲ್ಲೇ ಇದ್ದು ಪರೀಕ್ಷೆ ಸುಮ್ನೆ ವ್ಯರ್ಥ.

ನಮ್ಮ ಮನೆಯಲ್ಲಿ ಭಾವನ ಫೋನನ್ನು ಸೋಪಿನ ಸ್ಟ್ಯಾಂಡ್ ಮೇಲಿಟ್ಟು ಮೂವರೂ ಬಾಗಿಲಲ್ಲಿ ನಿಂತಿದ್ದೆವು. ಕೆಂಪು ಲೈಟು ಮಿನುಗುತ್ತಲೇ ಇತ್ತು. ಒಂದರ್ಧ ನಿಮಿಷ ಆಗಿರಬೇಕು, ಎರಡು ಸಲ ಪೂರ್ತಿ ಆರಿ ಹೊತ್ತಿಕೊಂಡಿತು, ಆಮೇಲೆ ಅಲುಗದೆ ನಿಂತಿತು. ಫೋನಿನಲ್ಲಿ 'ಸಾಧನ 1 ಸೇರಿದೆ' ಎಂದು ಬಂತು. ನನ್ನ ಆಪ್‌ನಲ್ಲಿ ಗೀಸರ್ ಹಸಿರಾಯಿತು, ನೀರಿನ ಉಷ್ಣತೆ 21 ಡಿಗ್ರಿ ಎಂದು ತೋರಿಸಿತು. ಯಂತ್ರ ಚೆನ್ನಾಗಿದೆ, ಸರ್ವರ್ ಚೆನ್ನಾಗಿದೆ, ಆಪ್ ಚೆನ್ನಾಗಿದೆ. ಉಳಿದದ್ದು ರೂಟರ್ ಒಂದೇ. ಒಂದೂ ಸ್ಕ್ರೂ ಬಿಚ್ಚದೆ, ಏನನ್ನೂ ಅಳಿಸದೆ ಮುಕ್ಕಾಲು ಪಾಲು ಅನುಮಾನ ಕಳೆಯಿತು.

ಆಗ ಅಮ್ಮನ ಹತ್ತಿರ ಕೇಳಿದೆ, "ರೂಟರ್‌ಗೆ ಯಾರಾದ್ರೂ ಕೈ ಹಾಕಿದ್ರಾ?" ಹಿಂದಿನ ದಿನ ಮಧ್ಯಾಹ್ನ ಇಂಟರ್ನೆಟ್‌ನವರು ಬಂದು ಹಳೆಯ ಡಬ್ಬ ತೆಗೆದು ಹೊಸದು ಹಾಕಿಹೋಗಿದ್ದರಂತೆ. ಹಳೇ ಹೆಸರು, ಹಳೇ ಪಾಸ್‌ವರ್ಡ್ ಇಟ್ಟಿದ್ದರಿಂದ ಫೋನು, ಟಿವಿ ತಾವಾಗೇ ಸೇರಿಕೊಂಡಿದ್ದವು. ಗೀಸರ್ ಮಾತ್ರ ಸೇರಿರಲಿಲ್ಲ, ಅದನ್ನು ನೋಡುವವರು ಯಾರೂ ಇರಲಿಲ್ಲ.

ಹೊಸ ರೂಟರ್, ಹಳೆಯ ಯಂತ್ರ

ಬೆಂಗಳೂರಿನಲ್ಲಿ ಈಗ ಫೈಬರ್ ಹಾಕಿಸಿದರೆ ಬರುವುದು ಎರಡು ಬ್ಯಾಂಡ್‌ನ ರೂಟರ್. 5 ಗಿಗಾಹರ್ಟ್ಜ್ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ವೇಗ ಕಡಿಮೆ, ದೂರ ಹೋಗುತ್ತದೆ. ಥರ್ಮೋಸ್ಟಾಟ್, ಸ್ಮಾರ್ಟ್ ಪ್ಲಗ್ ಇಂಥವುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಆಗಲೇ ಹೇಳಿದ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ಚಿಪ್‌ನಲ್ಲಿ 5ರ ರೇಡಿಯೋನೇ ಇಲ್ಲ. ರೂಟರ್ ಎರಡಕ್ಕೂ ಒಂದೇ ಹೆಸರಿಟ್ಟು ಸಾಧನಗಳನ್ನು 5ರ ಕಡೆಗೆ ತಳ್ಳುತ್ತಿದ್ದರೆ ಇಂಥವು ಎಡವುತ್ತವೆ. ಸೆಟ್ಟಿಂಗ್‌ನಲ್ಲಿ ಅದನ್ನು ಬ್ಯಾಂಡ್ ಸ್ಟೀರಿಂಗ್ ಅಥವಾ ಸ್ಮಾರ್ಟ್ ಕನೆಕ್ಟ್ ಅನ್ನುತ್ತಾರೆ. ಆಫ್ ಮಾಡಿ, 5ಕ್ಕೆ ಬೇರೆ ಹೆಸರು ಕೊಡಿ, ಹಳೆಯ ಹೆಸರನ್ನು 2.4ಕ್ಕೇ ಬಿಡಿ. ಆಗ ಥರ್ಮೋಸ್ಟಾಟ್‌ನಲ್ಲಿ ಏನನ್ನೂ ಬದಲಿಸುವ ಅಗತ್ಯ ಬೀಳುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಐದು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಕತ್ತಲೆಯಲ್ಲಿ ತಡಕಾಡಬೇಕು. ನಾನು ಮೊದಲು ಹೆಸರು ಬೇರೆ ಮಾಡಿದೆ, ಮೂರು ನಿಮಿಷ ಕಾದೆ, ಸೇರಲಿಲ್ಲ. ಆಮೇಲೆ ಸೆಕ್ಯುರಿಟಿ ನೋಡಿದೆ. ಡಬ್ಲ್ಯೂಪಿಎ2 ಮತ್ತು ಅದಕ್ಕಿಂತ ಹೊಸದಾದ ಡಬ್ಲ್ಯೂಪಿಎ3 ಎರಡೂ ಕಲೆಸಿದ ಮೋಡ್‌ನಲ್ಲಿತ್ತು. ಬರೀ ಡಬ್ಲ್ಯೂಪಿಎ3 ಇದ್ದರೆ ಹಳೆಯ ಯಂತ್ರಗಳು ಸೇರುವುದೇ ಇಲ್ಲ, ಕಲೆಸಿದ್ದರಲ್ಲೂ ಹಳೆಯ ಸಾಫ್ಟ್‌ವೇರ್ ಇರುವವು ಕೆಲವು ಮುಗ್ಗರಿಸುತ್ತವೆ. 2.4 ಬ್ಯಾಂಡ್‌ಗೆ ಮಾತ್ರ ಡಬ್ಲ್ಯೂಪಿಎ2, ಎಇಎಸ್ ಎಂದು ಆರಿಸಿ ಸೇವ್ ಒತ್ತಿದೆ. ಬಚ್ಚಲಿನಿಂದ ಭಾವ ಕೂಗಿದರು, "ನಿಂತ್ಹೋಯ್ತು ನೋಡಪ್ಪಾ ಮಿನುಗೋದು!"

ನಿಮ್ಮಲ್ಲಿ ಇಷ್ಟಕ್ಕೂ ಆಗದಿದ್ದರೆ ಇನ್ನೂ ಕೆಲವು ಇವೆ. 2.4 ಬ್ಯಾಂಡ್‌ನಲ್ಲಿ ವೈಫೈ 6 ಮೋಡ್ ಆನ್ ಇದ್ದರೆ ಅದನ್ನು ಹಳೆಯ ಬಿ-ಜಿ-ಎನ್ ಮೋಡ್‌ಗೆ ಇಳಿಸಿ ನೋಡಿ. ಚಾನೆಲ್ (ಬ್ಯಾಂಡ್‌ನೊಳಗಿನ ಒಂದೊಂದು ದಾರಿ) ಆಟೋದಲ್ಲಿದ್ದರೆ 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿ. ನಮ್ಮಲ್ಲಿ 13ರವರೆಗೆ ಚಾನೆಲ್ ಬಳಸಬಹುದು, ಆದರೆ ಅಮೆರಿಕದ ಮಾರುಕಟ್ಟೆಗೆ ಮಾಡಿದ ಸಾಧನಗಳು ಸಾಮಾನ್ಯವಾಗಿ 11ರ ಆಚೆ ನೋಡುವುದೇ ಇಲ್ಲ. ರೂಟರ್ ಒಂದು ದಿನ ತಾನೇ 12ಕ್ಕೋ 13ಕ್ಕೋ ಜಿಗಿದರೆ ಅವುಗಳ ಪಾಲಿಗೆ ನಿಮ್ಮ ವೈಫೈ ಮಾಯ. ನಿನ್ನೆ ಇತ್ತು, ಇವತ್ತು ಇಲ್ಲ, ಏನೂ ಮಾಡಿಲ್ಲ ಅನ್ನುವ ದೂರುಗಳಲ್ಲಿ ಇದನ್ನು ಮರೆಯದೆ ನೋಡಿ. ಚಾನೆಲ್ ಅಗಲ 20 ಮೆಗಾಹರ್ಟ್ಜ್ ಇರಲಿ. ಮ್ಯಾಕ್ ಫಿಲ್ಟರ್ (ಯಾವ ಸಾಧನವನ್ನು ಒಳಗೆ ಬಿಡಬೇಕು ಎಂದು ತಡೆಯುವ ಪಟ್ಟಿ) ಆನ್ ಇದೆಯಾ ಅಂತಲೂ ಒಮ್ಮೆ ಕಣ್ಣಾಡಿಸಿ.

ವೈಫೈಗೆ ಕನ್ನಡದಲ್ಲಿ ಹೆಸರಿಟ್ಟವರಿಗೆ ಒಂದು ಮಾತು. ನನಗೂ ಅದು ತುಂಬಾ ಇಷ್ಟ, ನಮ್ಮ ಬೀದಿಯಲ್ಲಿ ಫೋನ್ ತೆರೆದಾಗ ಕನ್ನಡದ ಹೆಸರು ಕಂಡರೆ ಖುಷಿಯಾಗುತ್ತದೆ. ಆದರೆ ವೈಫೈ ಹೆಸರಿಗೆ ಇರುವ ಜಾಗ 32 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಗುಣಿತದ ಗುರುತಿಗೂ ಮೂರು ಮೂರು, ಪ್ರತಿ ಒತ್ತಿಗೆ ಆರು ಬೇಕು. 'ನಮ್ಮನೆ' ಅಂತ ಬರೆದರೇ 18 ಬೈಟ್ ಆಯಿತು. ಜೊತೆಗೆ ಕೆಲವು ಸಾಧನಗಳಿಗೆ ಇಂಗ್ಲಿಷ್ ಅಲ್ಲದ ಹೆಸರು ಓದಲು ಬರುವುದಿಲ್ಲ. ಹಾಗಾಗಿ 5 ಗಿಗಾಹರ್ಟ್ಜ್‌ಗೆ ಕನ್ನಡದ ಹೆಸರು ಇರಲಿ, 2.4ಕ್ಕೆ ಸ್ಪೇಸ್ ಇಲ್ಲದ, ಚಿಹ್ನೆಗಳಿಲ್ಲದ ಸಾದಾ ಇಂಗ್ಲಿಷ್ ಹೆಸರು ಕೊಡಿ.

ಸೇರಿತು, ಆದರೆ ನಿಲ್ಲಲಿಲ್ಲ

ಅಂದು ರಾತ್ರಿ ಖುಷಿಯಲ್ಲಿ ಊಟ ಮುಗಿಸಿ ನೋಡಿದರೆ ಮತ್ತೆ ಆಫ್‌ಲೈನ್. ಹತ್ತು ನಿಮಿಷಕ್ಕೆ ಬಂತು, ಮತ್ತೆ ಹೋಯಿತು. ಇದು ಸೆಟ್ಟಿಂಗ್ ದೋಷವಲ್ಲ, ಸಿಗ್ನಲ್ ದೋಷ. ವೈಫೈ ಅನಲೈಸರ್ ಥರದ ಆಪ್ ಹಾಕಿಕೊಂಡು ಗೀಸರ್ ಹತ್ತಿರ ಫೋನ್ ಹಿಡಿದೆ. ಸಿಗ್ನಲ್‌ನ ಬಲ ಮೈನಸ್ 79 ಡಿಬಿಎಂ (ಸಿಗ್ನಲ್ ಅಳೆಯುವ ಮಾನ). ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 67ರವರೆಗೆ ನಿಶ್ಚಿಂತೆ, 70 ದಾಟಿದರೆ ಅಲುಗಾಟ, 80ರ ಹತ್ತಿರ ನಂಬುವಂತಿಲ್ಲ.

ಹಳೆಯ ರೂಟರ್ ನಡುಮನೆಯ ಪ್ಯಾಸೇಜ್‌ನಲ್ಲಿ ಎತ್ತರಕ್ಕಿತ್ತು. ಹೊಸದನ್ನು ಹಾಲ್‌ನಲ್ಲಿ ಟಿವಿ ಹಿಂದೆ ಇಟ್ಟು ಹೋಗಿದ್ದರು. ಅಲ್ಲಿಂದ ಬಚ್ಚಲಿಗೆ ಎರಡು ಗೋಡೆ, ಒಂದು ಗಾಡ್ರೇಜ್ ಬೀರು, ಟೈಲ್ಸ್, ವಾಶ್‌ಬೇಸಿನ್‌ನ ಕನ್ನಡಿ. ಕನ್ನಡಿಯ ಹಿಂಬದಿಗೆ ಲೋಹದ ಲೇಪ ಇರುತ್ತದೆ, ಅದು ಸಿಗ್ನಲನ್ನು ವಾಪಸ್ ತಳ್ಳುತ್ತದೆ. ಕೊನೆಗೆ 15 ಲೀಟರ್ ನೀರು ತುಂಬಿದ ಗೀಸರ್ ಟ್ಯಾಂಕೇ ಅಡ್ಡ. ಲೋಹ ತಡೆಯುತ್ತದೆ, ನೀರು ಹೀರುತ್ತದೆ. ಥರ್ಮೋಸ್ಟಾಟ್ ಅನ್ನು ಗೋಡೆಯೊಳಗಿನ ಕಬ್ಬಿಣದ ಸ್ವಿಚ್ ಬಾಕ್ಸ್‌ನಲ್ಲಿ ಹುದುಗಿಸಿದ್ದರೆ ಇನ್ನೂ ಕಷ್ಟ.

ಸಿಗ್ನಲ್ ದೂರಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಕೊಳ್ಳಲು ಓಡಬೇಡಿ. ಮೊದಲು ರೂಟರ್ ಜಾಗ ಬದಲಿಸಿ. ಫೈಬರ್ ವೈರ್ ಎಳೆಯಬೇಡಿ, ಬಗ್ಗಿಸಬೇಡಿ, ಅದು ಒಳಗೆ ಮುರಿಯುತ್ತದೆ. ನಮ್ಮಲ್ಲಿ ವೈರ್ ಉದ್ದ ಸಾಕಷ್ಟು ಸುತ್ತಿಟ್ಟಿದ್ದರಿಂದ ಪ್ಯಾಸೇಜ್‌ನ ಸಜ್ಜೆಯ ಅಂಚಿಗೆ ತರಲು ಆಯಿತು. ಮತ್ತೆ ಅಳೆದರೆ ಮೈನಸ್ 64. ಹದಿನೈದು ಅಂಕಿಯ ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ಈ ಲೆಕ್ಕದಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ, ಹಾಗಾಗಿ ಇದು ಸುಮಾರು 30 ಪಟ್ಟು. ಅಂದಿನಿಂದ ಬಿಟ್ಟುಹೋಗಿಲ್ಲ. ಮೂರು ಅಂತಸ್ತಿನ ಮನೆ, ಮಧ್ಯೆ ಮೋಲ್ಡಿಂಗ್ ಇದ್ದರೆ ಮಾತ್ರ ಮೆಶ್ (ಒಂದೇ ವೈಫೈ ಹಂಚುವ ಹಲವು ಡಬ್ಬಗಳು) ಅಥವಾ ವೈಫೈ ಕೊಡುವ ಇನ್ನೊಂದು ಆಕ್ಸೆಸ್ ಪಾಯಿಂಟ್ ಬಗ್ಗೆ ಯೋಚಿಸಿ.

ಕರೆಂಟ್ ಹೋಗಿ ಬಂದಾಗ

ಆ ಬೆಳಗ್ಗೆ ಟೈಮಿಂಗ್ ಯಾಕೆ ಕೈಕೊಟ್ಟಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ. ನಾಲ್ಕು ಗಂಟೆಯ ಟೈಮಿಂಗ್ ಯಂತ್ರದೊಳಗೇ ಇತ್ತು, ವೈಫೈ ಇಲ್ಲದೆಯೂ ನಡೆಯಬೇಕಿತ್ತು. ಆದರೆ ಹಿಂದಿನ ರಾತ್ರಿ ಹತ್ತು ನಿಮಿಷ ಕರೆಂಟ್ ಹೋಗಿತ್ತು. ಇಂಥ ಸಾಧನಗಳಲ್ಲಿ ಬಹಳಷ್ಟಕ್ಕೆ ಒಳಗೆ ಗಡಿಯಾರದ ಬ್ಯಾಟರಿ ಇರುವುದಿಲ್ಲ, ಕರೆಂಟ್ ಬಂದಾಗ ಸಮಯವನ್ನು ಇಂಟರ್ನೆಟ್‌ನಿಂದ ಕೇಳಿಕೊಳ್ಳುತ್ತವೆ. ವೈಫೈ ಇಲ್ಲ, ಸಮಯ ಗೊತ್ತಿಲ್ಲ, ನಾಲ್ಕು ಗಂಟೆ ಯಾವಾಗ ಅಂತಲೇ ಅದಕ್ಕೆ ತಿಳಿಯಲಿಲ್ಲ.

ಇನ್ನೊಂದೂ ಇದೆ. ಗೀಸರ್ ಇನ್ವರ್ಟರ್ ಮೇಲೆ ಇರುವುದಿಲ್ಲ. ರೂಟರ್ ಕೂಡ ಇಲ್ಲದಿದ್ದರೆ ಎರಡೂ ಒಟ್ಟಿಗೆ ಎದ್ದೇಳುತ್ತವೆ. ಥರ್ಮೋಸ್ಟಾಟ್ ಕೆಲವೇ ಸೆಕೆಂಡಿನಲ್ಲಿ ತಯಾರು, ಫೈಬರ್ ರೂಟರ್‌ಗೆ ಎರಡು ಮೂರು ನಿಮಿಷ ಬೇಕು. ಕೆಲವು ಯಂತ್ರಗಳು ಹುಡುಕಿ ಸಿಗದೆ ಸುಮ್ಮನಾಗಿಬಿಡುತ್ತವೆ. ರೂಟರ್ ಪೂರ್ತಿ ಎದ್ದ ಮೇಲೆ ಗೀಸರ್ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. ರೂಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿದರೆ ಈ ತಾಪತ್ರಯವೇ ತಪ್ಪುತ್ತದೆ. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ.

ಹೊಸದಾಗಿ ಸೇರಿಸುವಾಗ ಫೋನ್ ಅಡ್ಡಬರುವುದು

ಕೊನೆಗೂ ರೀಸೆಟ್ ಮಾಡಿ ಮೊದಲಿನಿಂದ ಸೇರಿಸಲೇಬೇಕು ಅಂತಾದರೆ ಮೊದಲು ಟೈಮಿಂಗ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಸೇರಿಸುವಾಗ ಫೋನ್ 2.4 ವೈಫೈನಲ್ಲೇ ಇರಲಿ. ಆಂಡ್ರಾಯ್ಡ್‌ನಲ್ಲಿ ಆಪ್‌ಗೆ ಲೊಕೇಶನ್ ಅನುಮತಿ ಕೊಡದಿದ್ದರೆ ಅಕ್ಕಪಕ್ಕದ ವೈಫೈ ಕಾಣುವುದಿಲ್ಲ, ಲೊಕೇಶನ್ ಆನ್ ಕೂಡ ಇರಬೇಕು. ಐಫೋನ್‌ನಲ್ಲಿ 'ಲೋಕಲ್ ನೆಟ್‌ವರ್ಕ್' ಅನುಮತಿ ಬೇಕು. ಇದು 2020ರ ಐಒಎಸ್ 14ರಿಂದ ಬಂದಿದೆ, ಒಮ್ಮೆ 'ಬೇಡ' ಒತ್ತಿಬಿಟ್ಟರೆ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. ಆಫೀಸಿನ ವಿಪಿಎನ್ ಇದ್ದರೆ ನಿಲ್ಲಿಸಿ. ಮೊಬೈಲ್ ಡೇಟಾ ಆಫ್ ಮಾಡಿ, ಯಾಕೆಂದರೆ ಕೆಲವು ಯಂತ್ರಗಳು ತಾವೇ ಒಂದು ಸಣ್ಣ ವೈಫೈ ಎಬ್ಬಿಸುತ್ತವೆ, ಅದರಲ್ಲಿ ಇಂಟರ್ನೆಟ್ ಇಲ್ಲ ಎಂದು ಫೋನ್ ಮಧ್ಯದಲ್ಲೇ ಡೇಟಾಗೆ ಹಾರಿಬಿಡುತ್ತದೆ.

ಪಾಸ್‌ವರ್ಡ್ ಸರಿ ಇದ್ದು, ಸಿಗ್ನಲ್ ಇದ್ದು, ಕೊನೆಯ ಹಂತದಲ್ಲಿ ನಿಂತುಹೋದರೆ ಯಾರ ಖಾತೆಯಲ್ಲಿ ಆ ಸಾಧನ ಇದೆ ನೋಡಿ. ಹಾಕಲು ಬಂದ ಎಲೆಕ್ಟ್ರಿಷಿಯನ್ ತಮ್ಮ ನಂಬರಿನಲ್ಲೇ ಸೇರಿಸಿಬಿಟ್ಟಿರುತ್ತಾರೆ. ಹಾಗಿದ್ದರೆ ಬರೀ ಗುಂಡಿ ಒತ್ತಿ ರೀಸೆಟ್ ಮಾಡಿದರೆ ಎಲ್ಲದರಲ್ಲೂ ಆಗುವುದಿಲ್ಲ, ಅವರು ತಮ್ಮ ಆಪ್‌ನಿಂದ ತೆಗೆಯಬೇಕು.

ಪಿಜಿ ಅಥವಾ ಅಪಾರ್ಟ್‌ಮೆಂಟ್‌ನ ಸಾಮೂಹಿಕ ವೈಫೈ ಆಗಿದ್ದು, ಬ್ರೌಸರ್‌ನಲ್ಲಿ ಲಾಗಿನ್ ಪುಟ ಬರುತ್ತಿದ್ದರೆ ಥರ್ಮೋಸ್ಟಾಟ್ ಅದನ್ನು ತುಂಬಲಾರದು. ಅದರ ಹಿಂದೆ ನಿಮ್ಮದೇ ಒಂದು ಸಣ್ಣ ರೂಟರ್ ಇಟ್ಟು ಅದರ ಮೂಲಕ ಒಮ್ಮೆ ಲಾಗಿನ್ ಆಗಬೇಕು.

ಅಮೆರಿಕದಿಂದ ಅಣ್ಣನೋ ಅಕ್ಕನೋ ಗೂಗಲ್‌ನ ನೆಸ್ಟ್ ಥರ್ಮೋಸ್ಟಾಟ್ ತಂದುಕೊಟ್ಟಿದ್ದರೆ ದಯವಿಟ್ಟು ಗೀಸರ್‌ಗೆ ಹಾಕಬೇಡಿ. ಅಲ್ಲಿನವು 24 ವೋಲ್ಟ್ ವೈರಿಂಗ್‌ಗೆ ಮಾಡಿದವು, ನಮ್ಮ ಗೋಡೆಯಲ್ಲಿರುವುದು 230. ಜೊತೆಗೆ 2011, 2012ರ ಮೊದಲ ಎರಡು ಪೀಳಿಗೆಯ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಿಂದ ಆಪ್ ಸಂಪರ್ಕವನ್ನೇ ನಿಲ್ಲಿಸಿದೆ. ಅಂಥವುಗಳ ಮುಂದೆ ಕೂತು ವೈಫೈ ಸೆಟ್ಟಿಂಗ್ ತಿರುಗಿಸಿದರೆ ಪ್ರಯೋಜನವಿಲ್ಲ.

ವಾಪಸ್ ಹೊರಡುವ ಮೊದಲು ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಥರ್ಮೋಸ್ಟಾಟ್ ಪಕ್ಕದಲ್ಲಿರುವ ಗುಂಡಿ ತೋರಿಸಿದೆ. ವೈಫೈ ಇರಲಿ ಬಿಡಲಿ, ಅದನ್ನು ಒತ್ತಿದರೆ ಗೀಸರ್ ಆನ್ ಆಗುತ್ತದೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ತರಲು 2000 ವ್ಯಾಟಿನ ಗೀಸರ್‌ಗೆ ಹೆಚ್ಚೂಕಡಿಮೆ 20 ನಿಮಿಷ ಸಾಕು. ಒಂದು ಚೀಟಿಯಲ್ಲಿ 'ಲೈಟ್ ಮಿನುಗುತ್ತಿದ್ದರೆ ಈ ಗುಂಡಿ ಒಂದು ಸಲ ಒತ್ತು, 20 ನಿಮಿಷ ಬಿಡು, ಆಮೇಲೆ ನನಗೆ ಫೋನ್ ಮಾಡು' ಎಂದು ದಪ್ಪಕ್ಷರದಲ್ಲಿ ಬರೆದು, ಮೇಲೆ ಸೆಲೋಟೇಪ್ ಹಾಕಿ ಅಂಟಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಒಮ್ಮೆ ಓದಿ, ಗುಂಡಿಯನ್ನು ತಾವೇ ಒತ್ತಿ ನೋಡಿದರು. ಒಳಗೆ ಟಕ್ ಎಂದು ರಿಲೇ ಸದ್ದು ಬಂತು.